ಜಾಗ ಬಿಟ್ಟು ಕಟ್ಟಿದ ಬಸವನಗುಡಿ

(ಒಂದು ಭಾನುವಾರ ಬೆಳಿಗ್ಗೆ, ಬಸವನಗುಡಿಯ ಸಣ್ಣ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮೈಕಿನ ಕಿರುಚಾಟ, ಹೇಳಿದ್ದನ್ನೇ ಮತ್ತೆ ಹೇಳಿದ್ದು ಎಲ್ಲ ತೆಗೆದಿದ್ದೇನೆ. ಸಭಿಕರು ಹೇಳಿದ ಒಂದೆರಡು ಮಾತು ಉಳಿಸಿಕೊಂಡಿದ್ದೇನೆ. ಅವು ನನ್ನ ಮಾತಿಗಿಂತ ಚೆನ್ನಾಗಿದ್ದವು.)

ಎಲ್ಲರಿಗೂ ನಮಸ್ಕಾರ.

ಬಸವನಗುಡಿ ಬಗ್ಗೆ ಬಸವನಗುಡಿಯಲ್ಲೇ ಮಾತಾಡುವುದು ಅಂದರೆ ಅತ್ತೆ ಮನೆಯಲ್ಲಿ ಅಡುಗೆ ಮಾಡಿದ ಹಾಗೆ. ಉಪ್ಪು ಜಾಸ್ತಿಯಾದರೂ ಗೊತ್ತಾಗುತ್ತದೆ, ಕಮ್ಮಿಯಾದರೂ ಗೊತ್ತಾಗುತ್ತದೆ. ತಪ್ಪಿದರೆ ಅಲ್ಲೇ ತಿದ್ದಿ, ಬೇಜಾರಿಲ್ಲ.

ನಾನು ಇಲ್ಲಿ ಹುಟ್ಟಿದವನಲ್ಲ. ಕಾಲೇಜಿಗೆ ಅಂತ ಹಾಸನದ ಕಡೆಯ ಒಂದು ಹಳ್ಳಿಯಿಂದ ಬಂದವನು. ಅಪ್ಪ ಜೊತೆಗೆ ಬಂದಿದ್ದರು. ಟ್ರಂಕು ಹಾಸಿಗೆ ಹೊತ್ತುಕೊಂಡು ಬುಲ್ ಟೆಂಪಲ್ ರಸ್ತೆಯಲ್ಲಿ ಇಳಿದು, ವಿಳಾಸದ ಚೀಟಿ ಹಿಡಿದು ಒಂದು ಅಡ್ಡರಸ್ತೆಗೆ ಹೊಕ್ಕೆವು. ನಮ್ಮೂರಲ್ಲಿ ಒಂದು ಮನೆಯ ಗೋಡೆಗೆ ಇನ್ನೊಂದು ಮನೆ ಆತುಕೊಂಡಿರುತ್ತದೆ. ಇಲ್ಲಿ ಮನೆ, ಆಮೇಲೆ ಜಾಗ, ಆಮೇಲೆ ಕಾಂಪೌಂಡು, ಮತ್ತೆ ಜಾಗ. ಮುಂದೆ ಪಾರಿಜಾತ, ಪಕ್ಕದಲ್ಲಿ ತೆಂಗು. ಅಪ್ಪ ಸುತ್ತ ನೋಡಿ, 'ಇಷ್ಟು ಜಾಗ ಸುಮ್ನೆ ಬಿಟ್ಟಿದಾರಲ್ಲೋ' ಅಂದರು. ರೈತರಲ್ವಾ, ಖಾಲಿ ಜಾಗ ಕಂಡರೆ ಅವರಿಗೆ ಏನಾದರೂ ಬಿತ್ತಬೇಕು ಅನ್ನಿಸುತ್ತಿತ್ತು.

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಯಾರು ಬಿಟ್ಟರು, ಯಾಕೆ ಬಿಟ್ಟರು? ಇವತ್ತಿನ ಮಾತೆಲ್ಲ ಆ ಬಿಟ್ಟ ಜಾಗದ ಬಗ್ಗೆಯೇ.

ಬಸವನಗುಡಿ ನೋಡಬೇಕು ಅಂತ ಹೊರಗಿನವರು ಬಂದರೆ ನೇರ ದೋಸೆಗೆ ಕರೆದುಕೊಂಡು ಹೋಗುತ್ತೇವೆ. ನಾನು ಹಾಗೆ ಮಾಡುವುದಿಲ್ಲ. ಬೆಳಿಗ್ಗೆ ಆರೂವರೆಗೆ ಬ್ಯೂಗಲ್ ರಾಕ್ ಹತ್ತಿರ ಬರಲು ಹೇಳುತ್ತೇನೆ. ಸರ್ಕಾರಿ ಬೋರ್ಡಿನಲ್ಲಿ ಕಹಳೆ ಬಂಡೆ. ಹಿಂದೆ ಕಾವಲಿನವರು ಇಲ್ಲಿ ನಿಂತು ಬೆಳಿಗ್ಗೆ ಸಂಜೆ ಕಹಳೆ ಊದುತ್ತಿದ್ದರಂತೆ, ಅದಕ್ಕೆ ಈ ಹೆಸರು. ಮೇಲೆ ಮರಗಳಲ್ಲಿ ಬಾವಲಿಗಳು ಒಣಗಿದ ಬಟ್ಟೆ ಹಾಗೆ ನೇತಾಡುತ್ತಿರುತ್ತವೆ. ಕೆಳಗೆ ಬಂಡೆ. ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ಭೂಮಿಯ ಮೇಲೆ ಮರ, ಮೀನು, ಹುಳ ಯಾವುದೂ ಇಲ್ಲದ ಕಾಲದ ಕಲ್ಲು. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿದೆಯಲ್ಲ, ಆ ಬಂಡೆಯೂ ಇದೇ ಜಾತಿಯದು. ಮೊದಲ ಬಸ್ಸಿಗೆ ಬಂದ ನೆಂಟರಿಗೆ ಚಾಪೆ ಹಾಸಿದ ಹಾಗೆ, ನಮ್ಮ ಜನ ಅದರ ಮೇಲೆ ಟವೆಲು ಹಾಸಿ ಸೂರ್ಯ ನಮಸ್ಕಾರ ಮಾಡುತ್ತಾರೆ.

ಬಂಡೆಯಿಂದ ಯಾಕೆ ಶುರು ಅಂದರೆ, ಬಸವನಗುಡಿಯಲ್ಲಿ ಮೊದಲು ಜಾಗ ಬಿಡಿಸಿದ್ದು ಬಂಡೆ. ಬಂಡೆಯ ಮೇಲೆ ಉಳಲು ಆಗುವುದಿಲ್ಲ, ಬಾವಿ ತೋಡಲು ಆಗುವುದಿಲ್ಲ, ಸುಲಭವಾಗಿ ಮನೆ ಕಟ್ಟಲೂ ಆಗುವುದಿಲ್ಲ. ಜನ ಬಿಟ್ಟ ಜಾಗಕ್ಕೆ ದೇವರು ಬಂದು ಕೂತರು. ಇಲ್ಲಿನ ಹೆಸರಾದ ಗುಡಿಗಳನ್ನೆಲ್ಲ ನೆನಪು ಮಾಡಿಕೊಳ್ಳಿ. ದೊಡ್ಡ ಬಸವ ಬಂಡೆಯ ಮೇಲೆ. ಕೆಳಗೆ ದೊಡ್ಡ ಗಣಪತಿ, ಅವನೂ ಒಂದೇ ಬಂಡೆ. ಎದುರಿಗೆ ಕಾರಂಜಿ ಆಂಜನೇಯ. ಆಚೆ ಗವಿಪುರದಲ್ಲಿ ಗಂಗಾಧರೇಶ್ವರ, ಅವನಂತೂ ಬಂಡೆಯ ಹೊಟ್ಟೆಯೊಳಗೆ.

ರಾಮಕೃಷ್ಣ ಆಶ್ರಮದ ಹಿತ್ತಲಲ್ಲೂ ಒಂದು ಬಂಡೆ ಇದೆ. 1911ರಲ್ಲಿ ಶಾರದಾ ದೇವಿ ಬೆಂಗಳೂರಿಗೆ ಬಂದಾಗ ಒಂದು ಸಂಜೆ ಆ ಬಂಡೆ ಹತ್ತಿ ಕೂತು ಸೂರ್ಯ ಮುಳುಗುವುದನ್ನು ನೋಡಿದರು, ಧ್ಯಾನ ಮಾಡಿದರು. ಆಶ್ರಮದವರು ಆ ಜಾಗವನ್ನು ಇವತ್ತಿಗೂ ಜೋಪಾನವಾಗಿ ಕಾಪಾಡಿಕೊಂಡಿದ್ದಾರೆ. ಅಲ್ಲಿ ಕೂತು ನೋಡಿ. ಹೊರಗೆ ಬುಲ್ ಟೆಂಪಲ್ ರಸ್ತೆಯ ಬಸ್ಸುಗಳ ಗಲಾಟೆ ಇದೆ ಅನ್ನುವುದೇ ಮರೆತುಹೋಗುತ್ತದೆ.

ಈಗ ದೊಡ್ಡ ಬಸವನ ಹತ್ತಿರ ಬನ್ನಿ. ಹದಿನಾರನೇ ಶತಮಾನದಲ್ಲಿ ಕೆಂಪೇಗೌಡರ ಕಾಲದಲ್ಲಿ ಆದ ಗುಡಿ. ಒಂದೇ ಕಲ್ಲಿನ ಬಸವ, ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಎಣ್ಣೆ, ಇದ್ದಲು ಹಚ್ಚಿ ಹಚ್ಚಿ ಕಪ್ಪಗೆ ಮಿರಮಿರ ಮಿಂಚುತ್ತಾನೆ. ಬೇರೆ ಎಲ್ಲ ಕಡೆ ಬಸವ ಶಿವನ ಎದುರು ಬಾಗಿಲು ಕಾಯುತ್ತಾನೆ. ಇಲ್ಲಿ ಬಸವನೇ ಯಜಮಾನ. ಪೂಜೆ ಅವನಿಗೆ, ಗುಡಿ ಅವನದು, ಊರಿನ ಹೆಸರೂ ಅವನದೇ.

ಕಥೆ ನಿಮಗೆಲ್ಲ ಗೊತ್ತು. ಇಲ್ಲಿ ಸುಂಕೇನಹಳ್ಳಿ ಅಂತ ಊರಿತ್ತು. ರೈತರು ಕಡಲೆಕಾಯಿ ಬೆಳೆಯುತ್ತಿದ್ದರು. ದಿನಾ ರಾತ್ರಿ ಒಂದು ಬಸವ ಬಂದು ಬೆಳೆ ಮೇಯುತ್ತಿತ್ತು. ಒಬ್ಬ ರೈತ ದೊಣ್ಣೆ ತಗೊಂಡು ಹೊಡೆದ. ಬಸವ ಕೂತಲ್ಲೇ ಕಲ್ಲಾಯಿತು. ಕಲ್ಲಾದದ್ದೂ ಅಲ್ಲದೆ ಬೆಳೆಯುತ್ತಾ ಹೋಯಿತು. ಕೊನೆಗೆ ತಲೆಗೆ ತ್ರಿಶೂಲ ನೆಟ್ಟ ಮೇಲೆ ಬೆಳೆಯುವುದು ನಿಂತಿತು. ತಪ್ಪಾಯಿತು ಅಂತ ರೈತರು ವರ್ಷದ ಮೊದಲ ಕಡಲೆಕಾಯಿಯನ್ನು ಬಸವನಿಗೆ ಕೊಡಲು ಶುರು ಮಾಡಿದರು. ಇನ್ನು ಕೆಳಗಿನ ಗಣಪತಿ, 18 ಅಡಿ ಎತ್ತರದವನು, ಅವನೂ ಬಲಗಡೆಗೆ ಬೆಳೆಯುತ್ತಲೇ ಇದ್ದಾನೆ ಅಂತ ಭಕ್ತರ ನಂಬಿಕೆ. ಬೆಂಗಳೂರಲ್ಲಿ ಬೆಳೆಯದೆ ಇರುವುದು ಏನಾದರೂ ಇದೆಯಾ?

ಒಂದು ತರಲೆ ಮಾತು ಹೇಳಿ ಮುಂದೆ ಹೋಗುತ್ತೇನೆ. ಕಡಲೆಕಾಯಿ ನಮ್ಮ ನೆಲದ ಬೆಳೆಯಲ್ಲ. ದಕ್ಷಿಣ ಅಮೆರಿಕದಿಂದ ಬಂದದ್ದು. ಯುರೋಪಿನವರು ಸಮುದ್ರ ದಾಟಿ ಹಡಗಿನಲ್ಲಿ ತಂದ ಮೇಲೆ ಇಲ್ಲಿಗೆ ಸಿಕ್ಕಿತು. ಅಂದರೆ ನಮ್ಮ ಬಸವ ಯಾವುದೋ ಪುರಾಣ ಕಾಲದಲ್ಲಿ ಮೇಯ್ದದ್ದಲ್ಲ. ಆಗ ತಾನೇ ಮಾರುಕಟ್ಟೆಗೆ ಬಂದ ಫಾರಿನ್ ಮಾಲು ಮೇಯ್ದಿದ್ದಾನೆ! ರೈತನಿಗೆ ಅಷ್ಟು ಸಿಟ್ಟು ಬಂದದ್ದು ಯಾಕೆ ಅಂತ ಈಗ ಅರ್ಥವಾಗುತ್ತದೆ. ರಾಗಿ ಮೇಯ್ದಿದ್ದರೆ ಬರೀ ಬೈದು ಓಡಿಸುತ್ತಿದ್ದನೋ ಏನೋ.

ಆ ಕಥೆಯಿಂದ ಹುಟ್ಟಿದ್ದು ಕಡಲೆಕಾಯಿ ಪರಿಷೆ. ಕಾರ್ತಿಕದ ಕೊನೆಯ ಸೋಮವಾರ. ಪರಿಷೆಗೆ ಹೋಗದವರು ಇಲ್ಲಿ ಯಾರೂ ಇರಲಾರರು. ಆದರೂ ಒಂದು ವಿಷಯ ಹೇಳಲೇಬೇಕು. ಹೋದ ಸಲ ಒಬ್ಬ ಅಜ್ಜಿಯ ಹತ್ತಿರ ನಿಂತಿದ್ದೆ. ಮಾಗಡಿ ಕಡೆಯವರು. ಗೋಣಿತಟ್ಟಿನ ಮೇಲೆ ಕಾಯಿ ರಾಶಿ, ಪಕ್ಕದಲ್ಲಿ ತಗಡಿನ ಸೇರು. ಸೇರನ್ನು ರಾಶಿಯೊಳಕ್ಕೆ ನುಗ್ಗಿಸಿ, ಮೇಲೆತ್ತಿ, ಅಂಗೈಯಲ್ಲಿ ಕಾಯಿಗಳನ್ನು ಒತ್ತಿ ಗೋಪುರ ಮಾಡಿದರು. ಒಂದು ಕಾಯಿ ಉರುಳಿದರೆ ಅದನ್ನೂ ಹೆಕ್ಕಿ ತುದಿಗೆ ಇಟ್ಟರು. ನನ್ನ ಚೀಲಕ್ಕೆ ಸುರಿದ ಮೇಲೆ ಎರಡು ಕೈ ಜೋಡಿಸಿ ಬೊಗಸೆ ತುಂಬ ಮತ್ತೆ ಹಾಕಿದರು. ಅದು ಕೊಸರು. ನಾನು ಕೇಳಿರಲಿಲ್ಲ. 'ಬಸವಣ್ಣನ ಮುಂದೆ ಕೂತು ಕೊಸರು ಹಾಕ್ದೆ ಇರಕ್ಕಾಯ್ತದಾ?' ಅಂದರು. ಪಕ್ಕದಲ್ಲಿ ಮೊಬೈಲಿನಲ್ಲಿ ದುಡ್ಡು ಹಾಕುವ ಚೀಟಿ ಅಂಟಿಸಿದ್ದರು, ಅದು ಮೊಮ್ಮಗನ ಕೆಲಸವಂತೆ. ಈಗ ಎಷ್ಟೋ ಕಡೆ ತಕ್ಕಡಿ ಬಂದಿದೆ. ತಕ್ಕಡಿಯಲ್ಲಿ ಲೆಕ್ಕ ಸರಿಯಾಗಿರುತ್ತದೆ, ಗೋಪುರ ಇರುವುದಿಲ್ಲ.

ಬಸವನ ಪಾದದ ಹತ್ತಿರ ವೃಷಭಾವತಿ ನದಿ ಹುಟ್ಟುತ್ತದೆ ಅಂತ ಹೇಳಿಕೆ. ಹೆಸರಲ್ಲೇ ವೃಷಭ ಇದೆ. ಈ ನದಿ ಮೈಸೂರು ರಸ್ತೆಯ ಪಕ್ಕ ಹರಿದು, ಅರ್ಕಾವತಿ ಸೇರಿ, ಕೊನೆಗೆ ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. ಅದರ ಈಗಿನ ಸ್ಥಿತಿ ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿ ತೆಗೆದವರಿಗೆಲ್ಲ ಗೊತ್ತು. ದೇವರ ಪಾದದಲ್ಲಿ ಹುಟ್ಟಿದ ನದಿಯನ್ನು ಮೂಗು ಮುಚ್ಚಿಕೊಂಡು ದಾಟುತ್ತೇವೆ. ಕಾರಂಜಿ ಕೆರೆಯ ಕಥೆ ಇನ್ನೂ ಚಿಕ್ಕದು. ಕೆರೆ ಹೋಯಿತು, ಹೆಸರು ಆಂಜನೇಯನ ಹತ್ತಿರ ಉಳಿಯಿತು.

ಇನ್ನು ಊರು ಹುಟ್ಟಿದ ಕಥೆ. ಇದು ದೇವರ ಕಥೆಯಲ್ಲ, ಹೆಣದ ಕಥೆ.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಅದಕ್ಕೆ ಎರಡು ವರ್ಷ ಮೊದಲು ಮುಂಬೈಯನ್ನು ಅಲುಗಾಡಿಸಿತ್ತು. ಅಲ್ಲಿಂದ ಹುಬ್ಬಳ್ಳಿ ಧಾರವಾಡದ ಕಡೆ ಬಂದು, ಆಮೇಲೆ ರೈಲು ದಾರಿ ಹಿಡಿದು ಇಲ್ಲಿಗೆ. ಆಗಿನ ಬೆಂಗಳೂರು ಪೇಟೆ ಅಂದರೆ ಹೇಗಿತ್ತು? ಚಿಕ್ಕಪೇಟೆ, ದೊಡ್ಡಪೇಟೆ, ಅಕ್ಕಿಪೇಟೆ, ಬಳೇಪೇಟೆ. ಎರಡು ಗಾಡಿ ಎದುರುಬದುರಾದರೆ ಒಂದು ಹಿಂದೆ ಹೋಗಬೇಕು. ಮನೆಗೆ ಮನೆ ಅಂಟಿಕೊಂಡಿತ್ತು. ಒಳಗೆ ಕತ್ತಲೆ. ಮನೆಯೊಳಗೇ ದವಸ ತುಂಬಿಡುತ್ತಿದ್ದರು. ಇಲಿಗಳಿಗೆ ಅದಕ್ಕಿಂತ ಸ್ವರ್ಗ ಬೇಕಾ? ಸಾವಿರಾರು ಜನ ಸತ್ತರು. ಇಲಿ ಬಿದ್ದಿತು ಅಂದರೆ ಸಾಕು, ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ನಮ್ಮ ಕಡೆ ಹಳ್ಳಿಗಳಲ್ಲೂ ಮುದುಕರು 'ಪ್ಲೇಗಿನ ವರ್ಷ' ಅಂತಲೇ ಲೆಕ್ಕ ಹಾಕುತ್ತಿದ್ದರು. ಬೆಂಗಳೂರಿನಲ್ಲಿ ಪ್ಲೇಗಿನಮ್ಮ ಅಂತ ದೇವರೇ ಹುಟ್ಟಿಕೊಂಡಳು.

ಹೊಸ ಬಡಾವಣೆ ಕಟ್ಟಬೇಕು ಅನ್ನುವ ಯೋಚನೆ ಪ್ಲೇಗಿಗೆ ಮೊದಲೇ ಇತ್ತು. ಚಾಮರಾಜಪೇಟೆ 1892ರಲ್ಲೇ ಆಗಿತ್ತು. ಆಗ ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್. ಚಾಮರಾಜೇಂದ್ರ ಒಡೆಯರ್ 1894ರಲ್ಲಿ ತೀರಿಕೊಂಡ ಮೇಲೆ ಮಹಾರಾಣಿ ವಾಣಿವಿಲಾಸ ಸನ್ನಿಧಾನ ರೀಜೆಂಟ್ ಆಗಿ ರಾಜ್ಯ ನೋಡಿಕೊಳ್ಳುತ್ತಿದ್ದರು. ನಮ್ಮ ವಾಣಿವಿಲಾಸ ರಸ್ತೆ ಅವರ ಹೆಸರಿನದು. ಅವರ ಮಗನ ಹೆಸರಿನದು ಕೃಷ್ಣರಾಜೇಂದ್ರ ರಸ್ತೆ, ನಮ್ಮ ಬಾಯಲ್ಲಿ ಕೆ.ಆರ್. ರಸ್ತೆ. ತಾಯಿ ರಸ್ತೆಯೂ ಮಗನ ರಸ್ತೆಯೂ ಒಂದಕ್ಕೊಂದು ಸೇರುವ ಕಡೆ ದಿನಾ ಸಂಜೆ ಟ್ರಾಫಿಕ್ ಜಾಮು. ಇರಲಿ. ಯೋಚನೆ ಮೊದಲೇ ಇದ್ದರೂ ಅವಸರ ತಂದದ್ದು ಪ್ಲೇಗು. ತೆಂಕಣಕ್ಕೆ ಬಸವನಗುಡಿ, ಬಡಗಣಕ್ಕೆ ಮಲ್ಲೇಶ್ವರ, ಎರಡೂ ಒಟ್ಟಿಗೆ ಎದ್ದವು. ಎರಡೂ ಗುಡಿ ನೋಡಿಕೊಂಡು ಪಕ್ಕದಲ್ಲಿ ಕೂತವು, ಎರಡೂ ದೇವರ ಹೆಸರೇ ಇಟ್ಟುಕೊಂಡವು.

ಆ ಕಾಲದವರ ತಿಳುವಳಿಕೆ ಏನಿತ್ತು ನೋಡಿ. ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಬರುತ್ತದೆ ಅಂತ ಆಗಿನ್ನೂ ಲೋಕ ಒಪ್ಪಿರಲಿಲ್ಲ. ಕೆಟ್ಟ ಗಾಳಿ, ಥಂಡಿ, ಕತ್ತಲೆ, ಜನಜಂಗುಳಿ ಕಾರಣ ಅಂದುಕೊಂಡಿದ್ದರು. ಹಾಗಾದರೆ ಮದ್ದು ಏನು? ಗಾಳಿ ಬಿಡಿ, ಬೆಳಕು ಬಿಡಿ, ಜಾಗ ಬಿಡಿ. ಅಗಲ ರಸ್ತೆ. ಚೌಕ ಚೌಕ ಸೈಟು. ಮನೆಯ ನಾಲ್ಕೂ ಕಡೆ ಖಾಲಿ. ನಮ್ಮಪ್ಪ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು. ಆ ಜಾಗ ಸುಮ್ನೆ ಬಿಟ್ಟದ್ದಲ್ಲ, ಹೆದರಿ ಬಿಟ್ಟದ್ದು. ಬಸವನಗುಡಿ ಚೆಂದ ಅಂತ ನಾವು ಯಾವುದನ್ನು ಹೊಗಳುತ್ತೇವೋ ಅದು ಆವತ್ತು ಔಷಧಿ ಚೀಟಿ. ಕಾರಣ ತಪ್ಪಾಗಿತ್ತು, ಮದ್ದು ಮಾತ್ರ ಚೆನ್ನಾಗಿಯೇ ಹಿಡಿಯಿತು.

ಅದೇ ಚೀಟಿಯಲ್ಲಿ ಇನ್ನೊಂದು ಸಾಲಿತ್ತು. ಅದನ್ನು ನಾವು ಜಾಸ್ತಿ ಹೇಳಿಕೊಳ್ಳುವುದಿಲ್ಲ. ಹಳೆಯ ಮನೆಗಳ ಹಿಂದೆ ಸಣ್ಣ ಓಣಿ ಇದೆಯಲ್ಲ, ಕನ್ಸರ್ವೆನ್ಸಿ ಓಣಿ, ಅದು ಯಾಕಿತ್ತು? ಕಕ್ಕಸು ಮನೆಯ ಹಿಂದಿರುತ್ತಿತ್ತು. ನೀರು ಹಾಕುವ ಕಕ್ಕಸಲ್ಲ, ಒಣ ಕಕ್ಕಸು. ಅದನ್ನು ಬಳಿದು ಹೊತ್ತುಕೊಂಡು ಹೋಗುವವರು ಮುಂಬಾಗಿಲಿಗೆ ಬರಬಾರದು, ರಸ್ತೆಯಲ್ಲಿ ಕಣ್ಣಿಗೆ ಬೀಳಬಾರದು. ಅದಕ್ಕೇ ಹಿಂದೊಂದು ದಾರಿ. ಮುಂದೆ ರಂಗೋಲಿ, ಹಿಂದೆ ತಲೆಯ ಮೇಲೆ ಬಕೆಟ್ಟು. ಹೊಸ ಬಡಾವಣೆಗಳಲ್ಲಿ ಸೈಟು ಹಂಚುವಾಗಲೂ ಜಾತಿ ನೋಡಿಯೇ ಹಂಚಿದ್ದು. ಪ್ಲೇಗಿಗೆ ಹೆದರಿ ಮನೆ ಮನೆ ನಡುವೆ ಜಾಗ ಬಿಟ್ಟೆವು. ಜನ ಜನರ ನಡುವೆ ಮೊದಲೇ ಬಿಟ್ಟಿದ್ದ ಜಾಗವನ್ನು ನಕ್ಷೆಯಲ್ಲಿ ಗೆರೆ ಎಳೆದು ಗಟ್ಟಿ ಮಾಡಿಕೊಂಡೆವು. ಬಸವನಗುಡಿಯ ಸೊಬಗಿನ ಬಗ್ಗೆ ಮಾತಾಡುವಾಗ ಇದನ್ನು ಬಿಟ್ಟು ಮಾತಾಡಲು ನನಗೆ ಮನಸ್ಸಾಗುವುದಿಲ್ಲ.

ಇಲ್ಲಿ ಹಿರಿಯರೊಬ್ಬರು ಎದ್ದು ನಿಂತರು. 'ನಮ್ಮಮ್ಮ ಆ ಓಣಿಯ ಬಾಗಿಲಿಗೆ ಒಳಗಿಂದ ಅಗುಳಿ ಹಾಕಿ, ಮೇಲಿಂದ ನೀರು ಹಾಕ್ತಿದ್ರು ಸಾರ್. ಮುಖ ನೋಡಿದ್ದು ನನಗೆ ನೆನಪಿಲ್ಲ' ಅಂದು ಕೂತರು. ಸ್ವಲ್ಪ ಹೊತ್ತು ಸಭೆಯಲ್ಲಿ ಯಾರೂ ಮಾತಾಡಲಿಲ್ಲ.

ಸರಿ, ಮನೆಗಳ ಕಡೆ ಬರೋಣ. ಹಳೇ ಬಸವನಗುಡಿ ಮನೆ ಅಂದರೆ ಕಣ್ಣ ಮುಂದೆ ಬರುವುದು ಕಿಟಕಿಯ ಮೇಲಿನ ಮಂಕಿ ಟಾಪ್. ಮರದ ಪಟ್ಟಿಗಳನ್ನು ಸಾಲಾಗಿ ಹೊಡೆದು, ಮೇಲೆ ಚೂಪಾದ ಮಾಡಿನ ಹಾಗೆ ಮಾಡಿದ ಮುಚ್ಚಿಗೆ. ಮಳೆಯ ಎರಚಲು ಒಳಗೆ ಬರುವುದಿಲ್ಲ, ಗಾಳಿ ಬರುತ್ತದೆ. ಮೇಲೆ ಮಂಗಳೂರು ಹೆಂಚು. ಮುಂದೆ ಜಗಲಿ, ಎರಡು ಕಂಬ. ಒಳಗೆ ಕೆಂಪು ಗಾರೆ ನೆಲ. ವರ್ಷಗಟ್ಟಲೆ ಒರೆಸಿ ಒರೆಸಿ ಮುಖ ಕಾಣುವಷ್ಟು ನುಣುಪಾದ ನೆಲ. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಬರೀ ಮೈಯಲ್ಲಿ ಮಲಗಿದವರಿಗೆ ಏಸಿ ಯಾಕೆ ಬೇಕು ಅಂತ ಅರ್ಥವಾಗುವುದಿಲ್ಲ.

ನಾನಿದ್ದದ್ದು ಇಂಥ ಮನೆಯಲ್ಲಲ್ಲ, ವಠಾರದಲ್ಲಿ. ಬಿಟ್ಟ ಜಾಗವನ್ನು ಮೊದಲು ತುಂಬಿದ್ದೇ ವಠಾರ. ಮನೆ ಯಜಮಾನರು ಹಿತ್ತಲಲ್ಲಿ ಸಾಲಾಗಿ ನಾಲ್ಕೋ ಎಂಟೋ ಮನೆ ಕಟ್ಟಿ ಬಾಡಿಗೆಗೆ ಕೊಟ್ಟರು. ಒಂದು ಕೋಣೆ, ಒಂದು ಅಡುಗೆ ಮನೆ, ಎಲ್ಲರಿಗೂ ಸೇರಿ ಒಂದು ನಲ್ಲಿ. ಬೆಳಿಗ್ಗೆ ಐದಕ್ಕೆ ಬಿಂದಿಗೆಗಳ ಸಾಲು. ಯಾರ ಮನೆಯಲ್ಲಿ ಇವತ್ತು ಹುಳಿ, ಯಾರ ಮನೆಯಲ್ಲಿ ಗೊಜ್ಜು, ಯಾರ ಮನೆಗೆ ಹೆಣ್ಣು ನೋಡಲು ಬರುತ್ತಿದ್ದಾರೆ ಎಲ್ಲವೂ ಎಲ್ಲರಿಗೂ ಗೊತ್ತು. ನನಗೆ ಜ್ವರ ಬಂದಾಗ ಮೂರನೇ ಮನೆಯ ಅತ್ತೆ, ಅತ್ತೆ ಅಂದರೆ ನೆಂಟರಲ್ಲ, ಹಾಗೆ ಕರೆಯುವುದು, ಮೆಣಸಿನ ಸಾರು ಅನ್ನ ತಂದಿಟ್ಟು ತಲೆ ಮುಟ್ಟಿ ನೋಡಿ ಹೋದರು. ಅವರ ಮಗನ ಸೈಕಲ್ಲಿಗೆ ನಾನೇ ಹಿಂದಿನ ವಾರ ಪಂಕ್ಚರ್ ಮಾಡಿ ತಂದಿಟ್ಟಿದ್ದೆ. ಇವತ್ತಿನವರೆಗೂ ಹೇಳಿಲ್ಲ.

ಹಸಿವಾಗುವ ಹೊತ್ತು. ಗಾಂಧಿ ಬಜಾರಿಗೆ ಹೋಗೋಣ.

ಗಾಂಧಿ ಬಜಾರ್ ಅಂದರೆ ಮೊದಲು ಮೂಗು, ಆಮೇಲೆ ಕಣ್ಣು. ಮಲ್ಲಿಗೆ, ಮರುಗ, ಬಾಳೆಎಲೆ, ಹುರಿಯುವ ಕಾಫಿ ಬೀಜ, ಇಂಗು. ಹಬ್ಬದ ಹಿಂದಿನ ದಿನ ಮಾವಿನ ಸೊಪ್ಪು, ಬೇವಿನ ಹೂವು. ಹೂವಿನವರು ಮೊಳ ಅಳೆಯುವುದನ್ನು ನಿಂತು ನೋಡಿ. ಮೊಣಕೈಯಿಂದ ಬೆರಳ ತುದಿಗೆ ದಾರ ಹಿಡಿಯುವುದು ಅಳತೆ. ಆದರೆ ಒಬ್ಬೊಬ್ಬರ ಕೈ ಒಂದೊಂದು ಉದ್ದ. ನನ್ನ ಹೆಂಡತಿ ಯಾವತ್ತೂ ಉದ್ದ ಕೈಯವರ ಹತ್ತಿರವೇ ಕೊಳ್ಳುವುದು. 'ನಿನ್ ಮೊಳ ಚಿಕ್ಕದು ಕಣಮ್ಮ' ಅಂತ ಗಿಡ್ಡ ಕೈಯವರ ಹತ್ತಿರ ಜಗಳ ಆಡುವವರನ್ನೂ ನೋಡಿದ್ದೇನೆ. ಪಾಪ, ಅವರು ಏನು ಮಾಡುತ್ತಾರೆ? ದಾರ ಕತ್ತರಿಸುವ ಮೊದಲು ನಾಲ್ಕು ಬೆರಳು ಮುಂದಕ್ಕೆ ಬಿಡುತ್ತಾರೆ. ಇಲ್ಲೂ ಕೊಸರು.

ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ. ಸುತ್ತಮುತ್ತಲ ವಿದ್ಯಾರ್ಥಿಗಳಿಗೆ ಅಂತ ಆದ ಹೋಟೆಲು, ಹೆಸರೂ ಅದೇ. ಊರೆಲ್ಲ ಜಾಗ ಬಿಟ್ಟು ಕಟ್ಟಿದರೂ ಈ ಹೋಟೆಲಿನೊಳಗೆ ಮಾತ್ರ ಒಂದಿಂಚೂ ಖಾಲಿ ಇರುವುದಿಲ್ಲ. ಯಾರದೋ ಟೇಬಲ್ಲಿಗೆ ನಾವು, ನಮ್ಮ ಟೇಬಲ್ಲಿಗೆ ಇನ್ಯಾರೋ. ಪಂಚೆ ಉಟ್ಟ ಮಾಣಿ ಒಂದು ಕೈಯ ಉದ್ದಕ್ಕೂ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು, ಕೂತವರ ಬೆನ್ನಿಗೂ ತಾಗದೆ, ನಿಂತವರ ಕಾಲಿಗೂ ತಾಗದೆ ಬರುತ್ತಾನೆ. ತಟ್ಟೆ ಇಡುತ್ತಾ ಬರುವಾಗ ಅವನ ಮುಖ ನೋಡಿ, ಬಸ್ಸಿನ ಟಿಕೆಟ್ ಹಂಚುವವನ ಹಾಗೆ ನಿರಾಳ. ದೋಸೆ ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಚಟ್ನಿ ನೀರಾಗಿರುತ್ತದೆ, ದೋಸೆಯ ಮೇಲೇ ಸುರಿಸಿಕೊಳ್ಳುವವರು ಒಂದು ಪಂಗಡ, ಪಕ್ಕಕ್ಕೆ ಹಾಕಿಸಿಕೊಳ್ಳುವವರು ಇನ್ನೊಂದು. ನಾನು ಪಕ್ಕಕ್ಕೆ. ಗೋಡೆಯ ಮೇಲಿಂದ ಕನ್ನಡದ ಸಾಹಿತಿಗಳು ನಮ್ಮ ತಟ್ಟೆ ನೋಡುತ್ತಿರುತ್ತಾರೆ. ಶುಕ್ರವಾರ ರಜಾ. ದೂರದಿಂದ ಬಂದ ನೆಂಟರನ್ನು ಶುಕ್ರವಾರವೇ ಕರೆದುಕೊಂಡು ಹೋಗಿ ಮುಚ್ಚಿದ ಬಾಗಿಲು ನೋಡಿದವರು ಕೈ ಎತ್ತಿ. (ಸುಮಾರು ಕೈಗಳು ಎದ್ದವು.)

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಇನ್ನೊಂದು ಬಗೆ. 1965ರಿಂದ ಇದೆ. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ. ಸಾಂಬಾರ್ ಕೇಳಬೇಡಿ, ಇಲ್ಲ. ಕೂರಲು ಜಾಗವನ್ನೂ ಕೇಳಬೇಡಿ. ಫುಟ್‌ಪಾತಿನಲ್ಲಿ ಮರದ ಕೆಳಗೆ ನಿಂತು ತಿನ್ನಬೇಕು. ಆ ಫುಟ್‌ಪಾತು, ಆ ಮರ, ಎರಡೂ ಪ್ಲೇಗಿನ ಕಾಲದವರು ಬಿಟ್ಟ ಅಗಲ ರಸ್ತೆಯ ಫಲ. ಇಡ್ಲಿ ತಿನ್ನುವಾಗ ಯಾರಿಗೂ ಪ್ಲೇಗು ನೆನಪಾಗುವುದಿಲ್ಲ, ಆಗಬೇಕಾದ್ದೂ ಇಲ್ಲ ಬಿಡಿ.

ಇಲ್ಲಿ ಓಡಾಡಿದ ದೊಡ್ಡವರ ಪಟ್ಟಿ ಕೊಡಲು ಹೋದರೆ ಸಂಜೆಯಾಗುತ್ತದೆ. ಮೂವರ ಬಗ್ಗೆ ಮಾತ್ರ ಹೇಳುತ್ತೇನೆ. ಡಿ.ವಿ. ಗುಂಡಪ್ಪನವರು 1945ರಲ್ಲಿ ಬುಲ್ ಟೆಂಪಲ್ ರಸ್ತೆಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಕೊನೆಗಾಲದಲ್ಲಿ ನಾಡು ಸನ್ಮಾನ ಮಾಡಿ ಕೊಟ್ಟ ಹಣವನ್ನೂ ಅದಕ್ಕೇ ಕೊಟ್ಟುಬಿಟ್ಟರು. ಮಾಸ್ತಿಯವರು ಗವಿಪುರದವರು. ಉದ್ದ ಕೋಟು, ಕೊಡೆ, ಬಸವನಗುಡಿ ಕ್ಲಬ್ಬಿನಲ್ಲಿ ಇಸ್ಪೀಟು. ಜ್ಞಾನಪೀಠ ಪಡೆದ ಮನುಷ್ಯ ಸಂಜೆ ಎಲೆ ಕಲೆಸುತ್ತಾ ಕೂತಿರುತ್ತಿದ್ದರು ಅನ್ನುವುದೇ ನನಗೆ ಖುಷಿ.

ಮೂರನೆಯವರು ಎಚ್. ನರಸಿಂಹಯ್ಯ, ನಮ್ಮೆಲ್ಲರ ಎಚ್ಚೆನ್. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ನ್ಯಾಷನಲ್ ಹೈಸ್ಕೂಲಿಗೆ ಸೇರಲು 1935ರಲ್ಲಿ ನಡೆದೇ ಬೆಂಗಳೂರಿಗೆ ಬಂದ ಹುಡುಗ. ಬಸ್ಸಿಗೆ ದುಡ್ಡಿರಲಿಲ್ಲ. ಆಮೇಲೆ ಅದೇ ಸಂಸ್ಥೆಯಲ್ಲಿ ಮೇಷ್ಟರಾದರು, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಇದ್ದದ್ದು ಮಾತ್ರ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ. ಮದುವೆಯಿಲ್ಲ, ಮನೆಯಿಲ್ಲ. ಸುತ್ತಲೂ ಇಷ್ಟು ಗುಡಿ ಇರುವ ಊರಿನ ನಡುವೆ ಕೂತು ಪವಾಡಗಳನ್ನು ಪ್ರಶ್ನೆ ಮಾಡಿದರು. ಪವಾಡ ಪರೀಕ್ಷೆಗೆ ಸಮಿತಿಯನ್ನೇ ಮಾಡಿದರು. ಬಸವನಗುಡಿ ಅವರನ್ನು ಓಡಿಸಲಿಲ್ಲ. ಗುಡಿಗೆ ಹೋಗಿ ಬಂದವರೇ ಕುಂಕುಮ ಇಟ್ಟುಕೊಂಡು ಅವರ ವಿಜ್ಞಾನ ಭಾಷಣ ಕೇಳಲು ಕೂರುತ್ತಿದ್ದರು. ಈ ಊರಿನಲ್ಲಿ ನನಗೆ ಅತಿ ಇಷ್ಟವಾದ ಖಾಲಿ ಜಾಗ ಅದು.

ಕೊನೆಗೆ ಗವಿಪುರ. ಗವಿ ಗಂಗಾಧರೇಶ್ವರನ ಗುಡಿಗೆ ಮೆಟ್ಟಿಲಿಳಿದು ಹೋಗಬೇಕು. ಒಳಗೆ ತಲೆ ಬಗ್ಗಿಸಿಕೊಂಡು ಓಡಾಡಬೇಕು. ಹೊರಗೆ ಅಂಗಳದಲ್ಲಿ ಕಲ್ಲಿನ ತ್ರಿಶೂಲ, ಡಮರು, ಎರಡು ದೊಡ್ಡ ಕಲ್ಲಿನ ತಟ್ಟೆಗಳು. ಸೂರ್ಯಪಾನ, ಚಂದ್ರಪಾನ ಅನ್ನುತ್ತಾರೆ. ಸಂಕ್ರಾಂತಿಯ ಸಂಜೆ ಮುಳುಗುವ ಸೂರ್ಯನ ಕಿರಣ ಕಿಟಕಿಯಿಂದ ಒಳಗೆ ನುಗ್ಗಿ, ನಂದಿಯ ಎರಡು ಕೊಂಬಿನ ನಡುವೆ ಹಾದು, ಲಿಂಗದ ಮೇಲೆ ಬೀಳುತ್ತದೆ. ಕೆಲವೇ ನಿಮಿಷ. ಆವತ್ತು ಊರಿಗೆ ಊರೇ ಅಲ್ಲಿ, ಟೀವಿಯವರೂ ಅಲ್ಲಿ. 2021ರಲ್ಲಿ ಮೋಡ ಅಡ್ಡ ಬಂದು ಕಿರಣ ಕಾಣಲೇ ಇಲ್ಲ. ಟೀವಿಯಲ್ಲಿ ಜ್ಯೋತಿಷಿಗಳು ಎರಡು ದಿನ ಮಾತಾಡಿದರು.

ನನಗೆ ಅದಕ್ಕಿಂತ ಕುತೂಹಲ ಇನ್ನೊಂದು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಚಿತ್ರಕಾರರಾದ ಥಾಮಸ್ ಡೇನಿಯಲ್, ಅವರ ಸೋದರನ ಮಗ ವಿಲಿಯಂ ಡೇನಿಯಲ್ ಇಬ್ಬರೂ ಇಲ್ಲಿಗೆ ಬಂದು ಈ ಗುಡಿಯನ್ನು ಬರೆದಿದ್ದಾರೆ. ಖಗೋಳ ವಿಜ್ಞಾನಿ ಬಿ.ಎಸ್. ಶೈಲಜಾ ಮತ್ತು ಜೊತೆಯವರು ಆ ಹಳೆಯ ಚಿತ್ರಗಳನ್ನು ಈಗಿನ ಗುಡಿಯ ಪಕ್ಕ ಇಟ್ಟು ನೋಡಿದರು. ಆಮೇಲೆ ಗೋಡೆಗಳು, ಕಟ್ಟಡ ಸೇರಿಕೊಂಡು ಬೆಳಕಿನ ದಾರಿ ಬದಲಾಗಿದೆ ಅಂತ ತೋರಿಸಿದರು. ಈಗ ಕಿರಣ ಲಿಂಗ ಮುಟ್ಟುವುದು ವರ್ಷಕ್ಕೆ ಎರಡು ಸಲ, ಸಂಕ್ರಾಂತಿಗೆ ಒಮ್ಮೆ, ಅದಕ್ಕೆ ಮೊದಲು ನವೆಂಬರ್ ಕೊನೆಗೆ ಒಮ್ಮೆ. ನವೆಂಬರಿನದು ನೋಡಲು ಯಾರೂ ಬರುವುದಿಲ್ಲ. ಪಂಚಾಂಗದಲ್ಲಿ ಇಲ್ಲವಲ್ಲ! ಗುಡಿ ಕಟ್ಟಿದವರು ಕಲ್ಲನ್ನು ಮಾತ್ರ ಅಳೆದು ಇಡಲಿಲ್ಲ. ಕಿಟಕಿಯಿಂದ ಆಕಾಶದವರೆಗೆ ಒಂದು ಖಾಲಿ ಗೆರೆಯನ್ನೂ ಅಳೆದು ಇಟ್ಟರು. ಆ ಗೆರೆಗೆ ಅಡ್ಡ ಒಂದು ನೀರಿನ ಟ್ಯಾಂಕು ಬಂದರೂ ಸಾಕು, ಕಥೆ ಮುಗಿಯಿತು.

ಟ್ಯಾಂಕು ಅಂದ ಕೂಡಲೇ ನೀವು ನಕ್ಕಿರಿ, ಯಾಕೆ ಅಂತ ಗೊತ್ತು. ನಾನು ಬಂದಾಗ ನೋಡಿದ ಆ ಅಡ್ಡರಸ್ತೆಯಲ್ಲಿ ಈಗ ಮೂರೇ ಹಳೇ ಮನೆ ಉಳಿದಿವೆ. ಉಳಿದದ್ದೆಲ್ಲ ಸ್ಟಿಲ್ಟ್ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ. ಮಂಕಿ ಟಾಪ್ ಕಿಟಕಿಗಳು ಹಳೇ ಮರದ ಅಂಗಡಿಗೆ ಹೋಗಿ, ಅಲ್ಲಿಂದ ಯಾವುದೋ ರೆಸಾರ್ಟಿನ ಗೋಡೆಗೆ ಹೋದವು. ಮಾರಿದವರನ್ನು ನಾನು ಬೈಯುವುದಿಲ್ಲ. ನಾಲ್ಕು ಮಕ್ಕಳಿಗೆ ಒಂದು ಹೆಂಚಿನ ಮನೆಯನ್ನು ಹೇಗೆ ಹಂಚುತ್ತೀರಿ? ಮಾಡು ಸೋರಿದರೆ ರಿಪೇರಿಗೆ ಕೆಲಸಗಾರರೇ ಸಿಗುವುದಿಲ್ಲ. 2017ರಲ್ಲಿ ಮೆಟ್ರೋ ಬಂದ ಮೇಲೆ ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿದು ನಡೆದು ಬರುವವರು ಜಾಸ್ತಿಯಾಗಿದ್ದಾರೆ, ಅದೊಂದು ಒಳ್ಳೆಯದಾಯಿತು. ಈ ಊರನ್ನು ಕಾರಿನಲ್ಲಿ ಕೂತು ನೋಡಲು ಆಗುವುದಿಲ್ಲ.

ನನ್ನ ಮಾತು ಇಷ್ಟೇ ಅಂತ ಹೇಳಿ ಕೂತೆ. ಪ್ರಶ್ನೆಗಳು ಇದ್ದರೆ ಕೇಳಿ ಅಂದರು. ಹಿಂದಿನ ಸಾಲಿನಿಂದ ಕಾಲೇಜಿನ ಹುಡುಗಿಯೊಬ್ಬಳು, 'ಸಾರ್, ಆ ಕನ್ಸರ್ವೆನ್ಸಿ ಓಣಿ ಈಗಲೂ ಇದೆಯಾ? ನಾನು ಇಲ್ಲೇ ಹುಟ್ಟಿದ್ದು, ನೋಡೇ ಇಲ್ಲ' ಅಂದಳು. ಆಗ ಎದ್ದು ನಿಂತಿದ್ದ ಹಿರಿಯರೇ ಉತ್ತರ ಕೊಟ್ಟರು. 'ನಮ್ಮನೆ ಹಿಂದೆ ಇದೆಯಮ್ಮ. ಇಲ್ಲಿಂದ ಐದು ನಿಮಿಷ. ಬನ್ನಿ.'

ಹನ್ನೆರಡು ಹದಿಮೂರು ಜನ ಹೊರಟೆವು. ಓಣಿಯ ಬಾಯಿಗೆ ಒಂದು ಸ್ಕೂಟರ್ ಅಡ್ಡ ನಿಂತಿತ್ತು. ಹುಡುಗಿಯೂ ನಾನೂ ಅದನ್ನು ಎತ್ತಿ ಪಕ್ಕಕ್ಕೆ ಇಟ್ಟೆವು. ಹಿರಿಯರು ಮೊದಲು ಒಳಗೆ ಹೋದರು. ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲ. ಹಳೇ ಗೋಡೆಯಲ್ಲಿ, ಮೊಣಕಾಲೆತ್ತರದಲ್ಲಿ, ಇಟ್ಟಿಗೆ ತುಂಬಿ ಮುಚ್ಚಿದ ಒಂದು ಸಣ್ಣ ಬಾಗಿಲಿನ ಗುರುತು ಇನ್ನೂ ಕಾಣುತ್ತಿತ್ತು.